ಪಟ್ಟಿ ಬೆಳೆದ ಮಾತ್ರಕ್ಕೆ ಸಂತತಿ ಬೆಳೆಯದು

ಸಂಪಾದಕರಿಗೆ,

ಮಾನ್ಯರೇ,

ಯಾವ ದೇಶದಲ್ಲಿ ಎಷ್ಟು ಬಗೆಯ ಸರೀಸೃಪಗಳಿವೆ ಎಂದು ತಿಳಿಸುವ ಕೋಷ್ಟಕವೊಂದು ಇತ್ತೀಚೆಗೆ ನಿಮ್ಮ ಪತ್ರಿಕೆಯ ಸಾಪ್ತಾಹಿಕ ಪುರವಣಿಯಲ್ಲಿ ಅಚ್ಚಾಗಿತ್ತು. ಆಸ್ಟ್ರೇಲಿಯ ಮೊದಲ ಸ್ಥಾನದಲ್ಲಿದ್ದು, ಮೆಕ್ಸಿಕೊ, ಬ್ರೆಜಿಲ್, ಇಂಡೊನೇಷ್ಯ, ಭಾರತ ಮುಂತಾದವು ಅದರ ಹಿಂದೆ ನಿಂತಿದ್ದ ಆ ಪಟ್ಟಿಯ ಅಂಕಿಗಳಲ್ಲಿ ನನಗೆ ದೋಷವೇನೂ ಕಾಣಲಿಲ್ಲ. ಯಾರನ್ನೋ ಕಚ್ಚಿದ ಸುದ್ದಿಯ ಹೊರತಾಗಿ ಹಾವು, ಹಲ್ಲಿ, ಆಮೆ, ಮೊಸಳೆಗಳಿಗೆ ಪತ್ರಿಕೆಗಳಲ್ಲಿ ಅರ್ಧ ಪುಟ ದೊರೆಯುವುದೂ ಅಪರೂಪವಾದ್ದರಿಂದ, ಅಷ್ಟು ಜಾಗ ಕೊಟ್ಟಿದ್ದಕ್ಕೆ ಕೃತಜ್ಞನಾಗಿದ್ದೇನೆ. ನನ್ನ ಆಕ್ಷೇಪವಿರುವುದು ಕೋಷ್ಟಕದ ಕೆಳಗಿದ್ದ ವಿವರಣೆಯ ಬಗ್ಗೆ. ಪ್ರಭೇದಗಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಏರುತ್ತಿರುವುದರಿಂದ ನಮ್ಮ ದೇಶದಲ್ಲಿ ಸರೀಸೃಪಗಳು ಚೆನ್ನಾಗಿ ವೃದ್ಧಿಯಾಗುತ್ತಿವೆ ಎಂಬ ಅರ್ಥ ಬರುವಂತೆ ಅಲ್ಲಿ ಬರೆಯಲಾಗಿತ್ತು. ಒಂದು ಊರಿನಲ್ಲಿ ಎಷ್ಟು ಮನೆತನಗಳಿವೆ ಎಂದು ಎಣಿಸಿ, ಅದನ್ನೇ ಆ ಊರಿನ ಜನಸಂಖ್ಯೆ ಎಂದು ಬರೆದುಕೊಂಡಂತಾಯಿತು ಇದು. ಪ್ರಭೇದಗಳ ಲೆಕ್ಕಕ್ಕೂ ಪ್ರಾಣಿಗಳ, ಅಂದರೆ ಸಂತತಿಯ, ಲೆಕ್ಕಕ್ಕೂ ಇರುವ ಅಂತರವನ್ನು ಓದುಗರ ಗಮನಕ್ಕೆ ತರಬೇಕೆಂಬ ಉದ್ದೇಶದಿಂದ ಈ ಪತ್ರ ಬರೆಯುತ್ತಿದ್ದೇನೆ. ಸ್ವಲ್ಪ ದೀರ್ಘವಾದರೆ ಮನ್ನಿಸಬೇಕು.

ಜಗತ್ತಿನಲ್ಲಿ ಗುರುತಿಸಲಾದ ಸರೀಸೃಪಗಳ ಸಂಖ್ಯೆ 2000ನೆಯ ಇಸವಿಯ ಹೊತ್ತಿಗೆ ಎಂಟು ಸಾವಿರದ ಆಸುಪಾಸಿನಲ್ಲಿತ್ತು. ಇಂದು ಅದು ಹನ್ನೆರಡು ಸಾವಿರವನ್ನು ದಾಟಿದೆ. ಭಾರತದ ಪಟ್ಟಿಯೂ ಅದೇ ಅವಧಿಯಲ್ಲಿ ಐನೂರರ ಸುತ್ತಮುತ್ತಲಿನಿಂದ ಏಳುನೂರರಾಚೆಗೆ ಬೆಳೆದಿದೆ. ಈ ಏರಿಕೆಗೆ ಕಾರಣ ಕಾಡುಮೇಡುಗಳಲ್ಲಿ ಪ್ರಾಣಿಗಳು ಹೆಚ್ಚಿರುವುದಲ್ಲ. ಪಶ್ಚಿಮ ಘಟ್ಟದ ಬಂಡೆಗಳಲ್ಲಿ, ದಖ್ಖನ್ನಿನ ಗುಡ್ಡಗಳಲ್ಲಿ ಅಡ್ಡಾಡಿ ಹುಡುಕುವ ಸಂಶೋಧಕರು ಹೆಚ್ಚಿದ್ದಾರೆ, ಮತ್ತು ಕಣ್ಣಿಗೆ ಒಂದೇ ರೀತಿ ಕಾಣುವ ಎರಡು ಹಲ್ಲಿಗಳು ವಂಶವಾಹಿಯ ಮಟ್ಟದಲ್ಲಿ ಎಷ್ಟು ದೂರದವು ಎಂಬುದನ್ನು ಅಳೆಯುವ ವಿಧಾನಗಳು ಈಗ ಅವರ ಕೈಯಲ್ಲಿವೆ. ಬಂಡೆಗಳ ಸಂದಿಯಲ್ಲಿ ವಾಸಿಸುವ ಸಣ್ಣ ಹಲ್ಲಿಗಳ ಎಷ್ಟೋ ಹೊಸ ಪ್ರಭೇದಗಳು ಒಂದೇ ಒಂದು ಬೆಟ್ಟಕ್ಕೆ ಸೀಮಿತವಾದವು. ಅಂಥದೊಂದು ಹೆಸರು ಪಟ್ಟಿಗೆ ಸೇರಿದಾಗ ದೇಶದ ಸಂಪತ್ತು ಹೆಚ್ಚಿತೆಂದು ಸಂತೋಷಪಡಬಹುದು, ನಿಜ. ಆದರೆ ಆ ಬೆಟ್ಟದಲ್ಲಿ ಕಲ್ಲು ಗಣಿಗಾರಿಕೆಗೆ ಅನುಮತಿ ದೊರೆತರೆ ಇಡೀ ಪ್ರಭೇದವೇ ಇಲ್ಲವಾಗಬಹುದು ಎಂಬುದೂ ಅದೇ ಸುದ್ದಿಯ ಭಾಗವಾಗಬೇಕಲ್ಲವೇ?

ಇದಕ್ಕೆ ನಮ್ಮ ಮಲೆನಾಡಿನಲ್ಲಿಯೇ ಒಳ್ಳೆಯ ನಿದರ್ಶನವಿದೆ. ಕಾಳಿಂಗ ಸರ್ಪವನ್ನು 1836ರಲ್ಲಿ ವಿಜ್ಞಾನಿಗಳು ಮೊದಲ ಬಾರಿಗೆ ವರ್ಣಿಸಿದಂದಿನಿಂದ, ಪಾಕಿಸ್ತಾನದ ಅಂಚಿನಿಂದ ಫಿಲಿಪ್ಪೀನ್ಸ್‌ವರೆಗೆ ಹರಡಿರುವ ಒಂದೇ ಪ್ರಭೇದವೆಂದು ಅದನ್ನು ಪರಿಗಣಿಸಲಾಗಿತ್ತು. 2024ರಲ್ಲಿ ಪ್ರಕಟವಾದ ಅಧ್ಯಯನವು ಅದನ್ನು ನಾಲ್ಕಾಗಿ ವಿಂಗಡಿಸಿತು. ಉತ್ತರ ಹಾಗೂ ಪೂರ್ವ ಭಾರತದಿಂದ ಇಂಡೊಚೀನದವರೆಗೆ ಇರುವುದು ಒಂದು. ಮಲಯ, ಸುಮಾತ್ರ, ಬೋರ್ನಿಯೊ, ಜಾವಾಗಳಲ್ಲಿರುವುದು ಇನ್ನೊಂದು. ಫಿಲಿಪ್ಪೀನ್ಸ್‌ನ ಲೂಜಾನ್ ದ್ವೀಪದ್ದು ಮತ್ತೊಂದು. ಪಶ್ಚಿಮ ಘಟ್ಟಕ್ಕೆ ಮಾತ್ರ ಸೀಮಿತವಾದದ್ದು ನಾಲ್ಕನೆಯದು. ಈ ನಾಲ್ಕನೆಯದಕ್ಕೆ ಶಾಸ್ತ್ರೀಯ ಹೆಸರಿನಲ್ಲಿಯೂ ‘ಕಾಳಿಂಗ’ ಎಂದೇ ಇಟ್ಟಿರುವುದು ಕನ್ನಡಿಗರಿಗೆ ಹೆಮ್ಮೆಯ ಸಂಗತಿ. ಅಂದು ಭಾರತದ ಪಟ್ಟಿಯಲ್ಲಿ ಒಂದು ಇದ್ದದ್ದು ಎರಡಾಯಿತು. ಆಗುಂಬೆಯ ಕಾಡಿನಲ್ಲಿ ಮಾತ್ರ ಒಂದು ಮರಿಯೂ ಹೆಚ್ಚಲಿಲ್ಲ. ಅಷ್ಟೇ ಅಲ್ಲ, ಇಡೀ ಏಷ್ಯಾದ ವಿಸ್ತಾರವನ್ನು ನೆಚ್ಚಿಕೊಂಡು ಇದುವರೆಗೆ ಅಂದಾಜು ಮಾಡುತ್ತಿದ್ದ ಹಾವಿನ ಭವಿಷ್ಯವನ್ನು ಈಗ ಕೇವಲ ಘಟ್ಟದ ಒಂದು ಉದ್ದನೆಯ ಪಟ್ಟೆಯ ಮೇಲೆ ಅಂದಾಜು ಮಾಡಬೇಕಾಗಿದೆ. ಥಾಯ್ಲೆಂಡಿನ ಕಾಡಿನಲ್ಲಿರುವ ಕಾಳಿಂಗಗಳು ಇನ್ನು ಮುಂದೆ ನಮ್ಮ ಕಾಳಿಂಗದ ಲೆಕ್ಕಕ್ಕೆ ಬಾರವು. ಪಟ್ಟಿ ಹಿಗ್ಗಿದ ಕ್ಷಣದಲ್ಲಿಯೇ ಪ್ರತಿಯೊಂದು ಹೆಸರಿನ ಹಿಂದಿರುವ ಸಂತತಿ ಕುಗ್ಗಿತು ಎಂದರೆ ವಿರೋಧಾಭಾಸದಂತೆ ಕಾಣಬಹುದು, ಆದರೆ ಆದದ್ದು ಅದೇ.

ದೇಶದಿಂದ ದೇಶಕ್ಕೆ ಪ್ರಭೇದಗಳ ಸಂಖ್ಯೆ ಏಕೆ ಇಷ್ಟು ಬೇರೆಯಾಗುತ್ತದೆ ಎಂಬುದನ್ನು ನಿಮ್ಮ ಕೋಷ್ಟಕ ವಿವರಿಸಿರಲಿಲ್ಲ. ಸಂಕ್ಷಿಪ್ತವಾಗಿ ಹೇಳಬಹುದಾದದ್ದು ಇಷ್ಟು. ಸರೀಸೃಪಗಳು ದೇಹದ ಶಾಖವನ್ನು ಬಹುಮಟ್ಟಿಗೆ ಬಿಸಿಲಿನಿಂದ, ಬಿಸಿಯಾದ ನೆಲದಿಂದ ಪಡೆಯುವ ಜೀವಿಗಳು. ಆದ್ದರಿಂದಲೇ ಸಾವಿರಕ್ಕೂ ಮಿಕ್ಕಿದ ಪ್ರಭೇದಗಳಿರುವ ಆಸ್ಟ್ರೇಲಿಯದ ಒಣ ಮರುಭೂಮಿ ಹಾವುರಾಣಿಗಳಿಗೂ ಉಡಗಳಿಗೂ ತವರಾಗಿದೆ. ಬ್ರಿಟನ್ನಿನಲ್ಲಿ ನೆಲದ ಮೇಲೆ ವಾಸಿಸುವ ಸ್ಥಳೀಯ ಸರೀಸೃಪಗಳು ಆರೇ ಆರು, ಅವುಗಳಲ್ಲಿ ಹಾವುಗಳು ಮೂರು. ಐರ್ಲೆಂಡಿನಲ್ಲಿ ಸ್ಥಳೀಯ ಹಾವೇ ಇಲ್ಲ. ನ್ಯೂಜಿಲೆಂಡಿನ ನೆಲದಲ್ಲಿಯೂ ಹಾವುಗಳಿಲ್ಲ, ಆದರೆ ಡೈನೊಸಾರುಗಳ ಕಾಲದಲ್ಲಿ ಜಗತ್ತಿನ ಹಲವೆಡೆ ಇದ್ದ ಒಂದು ಇಡೀ ಗಣದ ಕೊನೆಯ ಪ್ರತಿನಿಧಿಯಾದ ಟುವಾಟರಾ ಉಳಿದಿರುವುದು ಅಲ್ಲಿ ಮಾತ್ರ. ಹಲ್ಲಿಯಂತೆ ಕಂಡರೂ ಹಲ್ಲಿಯಲ್ಲದ ಈ ಪ್ರಾಣಿಯ ಮೂವತ್ತರಿಂದ ಐವತ್ತು ಸಾವಿರ ಜೀವಿಗಳು ಸ್ಟೀಫನ್ಸ್ ಎಂಬ ಒಂದೇ ಪುಟ್ಟ ದ್ವೀಪದಲ್ಲಿವೆ. ಪ್ರಭೇದಗಳ ಪಟ್ಟಿಯಲ್ಲಿ ನ್ಯೂಜಿಲೆಂಡ್ ಆಸ್ಟ್ರೇಲಿಯಕ್ಕಿಂತ ಬಹಳ ಕೆಳಗಿರುತ್ತದೆ. ಆ ಒಂದು ದ್ವೀಪಕ್ಕೆ ಇಲಿಗಳು ಹೊಕ್ಕರೆ ಆಗುವ ನಷ್ಟವನ್ನು ಯಾವ ಕ್ರಮಾಂಕವೂ ಹೇಳಲಾರದು.

ಸಂತತಿಯ ಪ್ರಶ್ನೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಅದರಲ್ಲಿ ಎಣಿಕೆಯ ಇತಿಹಾಸವೂ ರಾಜ್ಯನೀತಿಯ ಇತಿಹಾಸವೂ ಬೆರೆತಿವೆ. ಮೊಸಳೆಗಳಿಂದ ಆರಂಭಿಸುತ್ತೇನೆ, ಸರೀಸೃಪಗಳಲ್ಲಿ ತಕ್ಕಮಟ್ಟಿಗೆ ನಂಬಿಕೆಯಿಂದ ಎಣಿಸಬಹುದಾದವು ಅವು. ರಾತ್ರಿ ದೋಣಿಯಲ್ಲಿ ಹೋಗಿ ದೀಪ ಹಾಯಿಸಿದರೆ ಅವುಗಳ ಕಣ್ಣು ಕೆಂಡದಂತೆ ಹೊಳೆಯುತ್ತದೆ. ಚಳಿಗಾಲದಲ್ಲಿ ಬಿಸಿಲು ಕಾಯಲು ಮರಳಿನ ದಿಬ್ಬಗಳ ಮೇಲೆ ಬಂದು ಮಲಗುತ್ತವೆ.

ಉಪ್ಪುನೀರಿನ ಮೊಸಳೆಯು ಭಾರತದ ಪೂರ್ವ ಕರಾವಳಿಯಿಂದ ಆಸ್ಟ್ರೇಲಿಯದ ಉತ್ತರ ತೀರದವರೆಗೆ ಅನೇಕ ದೇಶಗಳ ಪಟ್ಟಿಯಲ್ಲಿದೆ. ಆಸ್ಟ್ರೇಲಿಯದ ಉತ್ತರ ಪ್ರಾಂತ್ಯದಲ್ಲಿ ಎರಡನೆಯ ಮಹಾಯುದ್ಧದ ನಂತರ ಚರ್ಮಕ್ಕಾಗಿ ನಡೆದ ಬೇಟೆಯಿಂದ ಅದು 1971ರ ವೇಳೆಗೆ ಸುಮಾರು ಮೂರು ಸಾವಿರಕ್ಕೆ ಇಳಿದಿತ್ತು. ಆ ವರ್ಷ ಅಲ್ಲಿ ಬೇಟೆಯನ್ನು ನಿಷೇಧಿಸಿದರು. ಇಂದು ಆ ಒಂದು ಪ್ರಾಂತ್ಯದಲ್ಲಿಯೇ ಒಂದು ಲಕ್ಷದಷ್ಟು ಮೊಸಳೆಗಳಿವೆಯೆಂದು ಅಂದಾಜು. ನಿಷೇಧವೊಂದರಿಂದಲೇ ಇದು ಆಗಲಿಲ್ಲ. ಕಾಡಿನ ಗೂಡುಗಳಿಂದ ಮೊಟ್ಟೆಗಳನ್ನು ನಿಗದಿತ ಪ್ರಮಾಣದಲ್ಲಿ ತೆಗೆದು ಸಾಕಣೆ ಕೇಂದ್ರಗಳಿಗೆ ಮಾರಲು ಅವಕಾಶ ಕೊಟ್ಟು, ಆ ಹಣ ನೆಲದ ಒಡೆಯರಿಗೆ, ಅಂದರೆ ಬಹುಮಟ್ಟಿಗೆ ಅಲ್ಲಿನ ಮೂಲನಿವಾಸಿ ಸಮುದಾಯಗಳಿಗೆ, ತಲುಪುವಂತೆ ಮಾಡಿದ್ದರಿಂದ ಜೌಗು ನೆಲವನ್ನು ಉಳಿಸಿಕೊಳ್ಳುವುದು ಅವರಿಗೂ ಲಾಭವಾಯಿತು. ಮೊಸಳೆ ಚರ್ಮದ ವ್ಯಾಪಾರವನ್ನು ಒಪ್ಪಲಾಗದವರಿಗೆ ಈ ಮಾದರಿ ಹಿಡಿಸದು, ನನಗೂ ಪೂರ್ತಿ ಹಿಡಿಸಿಲ್ಲ. ಆದರೆ ಫಲವನ್ನು ಅಲ್ಲಗಳೆಯುವಂತಿಲ್ಲ. ನಮ್ಮ ಒಡಿಶಾದ ಭಿತರಕನಿಕಾ ಬೇರೊಂದು ದಾರಿ ಹಿಡಿಯಿತು. ಅಲ್ಲಿ 1975ರಲ್ಲಿ ನೂರಕ್ಕಿಂತ ಕಡಿಮೆಯಿದ್ದ ಅದೇ ಪ್ರಭೇದ, ಮೊಟ್ಟೆಗಳನ್ನು ರಕ್ಷಿಸಿ ಮರಿ ಮಾಡಿಸಿ ನದಿಗೆ ಬಿಡುವ ಕಾರ್ಯಕ್ರಮದಿಂದ ಈಗ ಸಾವಿರದ ಎಂಟುನೂರರಷ್ಟಾಗಿದೆ. ಅದರ ಬೆಲೆಯನ್ನು ತೆರುತ್ತಿರುವವರು ನದಿಯಂಚಿನ ಹಳ್ಳಿಗಳವರು, ಅವರ ಸ್ನಾನದ ಘಟ್ಟಗಳಿಗೆ ಬೇಲಿ ಕಟ್ಟಬೇಕಾಗಿ ಬಂದಿದೆ. ಇತ್ತ ಥಾಯ್ಲೆಂಡ್, ವಿಯೆಟ್ನಾಂಗಳ ಸಹಜ ನೀರುನೆಲೆಗಳಲ್ಲಿ ಈ ಮೊಸಳೆ ಇಲ್ಲವಾಗಿದೆ, ಕೇರಳ ಮತ್ತು ತಮಿಳುನಾಡಿನ ತೀರಗಳಲ್ಲಿಯೂ ಅಷ್ಟೇ. ಜಾಗತಿಕ ಪಟ್ಟಿಯಲ್ಲಿ ಅದಕ್ಕೆ ಚಿಂತೆಗೆ ಕಾರಣವಿಲ್ಲವೆಂಬ ದರ್ಜೆ ದೊರೆತಿರುವುದು ಮುಖ್ಯವಾಗಿ ಆಸ್ಟ್ರೇಲಿಯ ಮತ್ತು ಪಪುವಾ ನ್ಯೂಗಿನಿಗಳ ಬಲದಿಂದ.

ಘರಿಯಾಲ್ ವಿಷಯದಲ್ಲಿ ಇಂಥ ಆಸರೆಯೂ ಇಲ್ಲ. ಮೀನು ಹಿಡಿಯಲೆಂದೇ ರೂಪುಗೊಂಡ ಉದ್ದ ಮೂತಿಯ ಈ ಮೊಸಳೆ ಒಂದು ಕಾಲಕ್ಕೆ ಸಿಂಧೂ, ಗಂಗಾ, ಬ್ರಹ್ಮಪುತ್ರಾ, ಮಹಾನದಿಗಳಿಂದ ಮ್ಯಾನ್ಮಾರಿನ ಐರಾವತಿಯವರೆಗೆ ಇತ್ತು. ಪಾಕಿಸ್ತಾನ, ಭೂತಾನ, ಮ್ಯಾನ್ಮಾರುಗಳಲ್ಲಿ ಅದರ ಸಂತತಿ ಅಳಿದುಹೋಯಿತು. 1970ರ ದಶಕದ ನಡುವಿನಲ್ಲಿ ಎಲ್ಲ ದೇಶಗಳನ್ನು ಸೇರಿಸಿದರೂ ಇನ್ನೂರು ದಾಟದಷ್ಟು ಉಳಿದಿದ್ದಾಗ ಭಾರತ ಸರ್ಕಾರ ಮೊಸಳೆ ಯೋಜನೆಯನ್ನು ಆರಂಭಿಸಿತು. ಚಂಬಲ್ ನದಿಯ ಉದ್ದಕ್ಕೂ ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳು ಕೂಡಿ ಅಭಯಾರಣ್ಯ ಮಾಡಿದವು. ಲಖನೌ ಸಮೀಪದ ಕುಕ್ರೈಲ್‌ನಲ್ಲಿ ಮೊಟ್ಟೆ ಮರಿ ಮಾಡಿಸಿ, ಒಂದು ಮೀಟರಿಗಿಂತ ಉದ್ದ ಬೆಳೆಸಿ, ಸಾವಿರಗಟ್ಟಲೆ ಮರಿಗಳನ್ನು ನದಿಗೆ ಬಿಟ್ಟರು. ಎಷ್ಟು ಮರಿ ಬಿಟ್ಟೆವು ಎಂಬ ಅಂಕಿ ಪ್ರತಿ ವರ್ಷ ಬೆಳೆಯುತ್ತಿತ್ತು, ಎಲ್ಲರೂ ಸಂತುಷ್ಟರಾಗಿದ್ದರು. ನದಿಯಲ್ಲಿ ಎಷ್ಟು ಪ್ರೌಢ ಪ್ರಾಣಿಗಳು ಉಳಿದಿವೆ ಎಂದು ನೋಡಿದಾಗ ಚಿತ್ರವೇ ಬೇರೆಯಿತ್ತು. 1997ರಲ್ಲಿ 436 ಇದ್ದ ಪ್ರೌಢ ಘರಿಯಾಲ್‌ಗಳು 2006ರ ವೇಳೆಗೆ 182ಕ್ಕೆ ಕುಸಿದಿದ್ದವು. ಅಣೆಕಟ್ಟು ಮತ್ತು ನೀರಾವರಿಯಿಂದ ಹರಿವು ತಗ್ಗಿತ್ತು, ಮೊಟ್ಟೆಯಿಡುವ ಮರಳನ್ನು ಲಾರಿಗಳು ಹೊತ್ತೊಯ್ಯುತ್ತಿದ್ದವು, ಮೀನಿನ ಬಲೆಯಲ್ಲಿ ಸಿಕ್ಕಿದ ಪ್ರಾಣಿಗಳು ಮುಳುಗಿ ಸಾಯುತ್ತಿದ್ದವು. ಅದರ ಬೆನ್ನಿಗೇ 2007ರ ಡಿಸೆಂಬರಿನಿಂದ ಕೆಲವೇ ತಿಂಗಳಲ್ಲಿ ನೂರಕ್ಕೂ ಹೆಚ್ಚು ಘರಿಯಾಲ್‌ಗಳು ಚಂಬಲ್‌ನಲ್ಲಿ ಸತ್ತವು. ಮೂತ್ರಪಿಂಡ ಕೆಟ್ಟು ಕೀಲುಗಳಲ್ಲಿ ಯೂರಿಕ್ ಆಮ್ಲ ಕಟ್ಟಿಕೊಂಡಿದ್ದನ್ನು ಮರಣೋತ್ತರ ಪರೀಕ್ಷೆ ತೋರಿಸಿತು, ಚಂಬಲ್ ಕೂಡುವ ಮಲಿನ ಯಮುನೆಯ ಮೀನಿನಿಂದ ಬಂದ ವಿಷದ ಮೇಲೆ ಸಂಶಯ ಬಿದ್ದಿತು. ಈಗ ಪ್ರೌಢ ಘರಿಯಾಲ್‌ಗಳು ಆರುನೂರೈವತ್ತರ ಆಸುಪಾಸಿನಲ್ಲಿದ್ದು, ಅವುಗಳಲ್ಲಿ ಬಹುಪಾಲು ಚಂಬಲ್ ಒಂದರಲ್ಲಿಯೇ ಇವೆ. ನೇಪಾಳದ ಚಿತವನದಲ್ಲಿ 1978ರಿಂದ ಇಂಥದೇ ಕೇಂದ್ರವಿದೆ, ಅಲ್ಲಿನ ರಾಪ್ತಿ, ನಾರಾಯಣಿ ನದಿಗಳಲ್ಲಿ ಇನ್ನೂರರ ಸುತ್ತಮುತ್ತ ಉಳಿದಿವೆ. ಭಾರತದ ಪಟ್ಟಿಯಲ್ಲಿ ಘರಿಯಾಲ್ ಎಂಬುದು 1940ರಲ್ಲಿಯೂ ಒಂದು, 1976ರಲ್ಲಿಯೂ ಒಂದು, ಇಂದಿಗೂ ಒಂದೇ. ಮೇಲೆ ಹೇಳಿದ ಏರಿಳಿತದ ಒಂದು ಎಳೆಯೂ ಆ ಪಟ್ಟಿಯಲ್ಲಿ ಕಾಣಸಿಗದು.

ಅಮೆರಿಕ ಮತ್ತು ಚೀನಗಳ ಅಲಿಗೇಟರುಗಳ ಹೋಲಿಕೆಯೂ ಇದನ್ನೇ ಹೇಳುತ್ತದೆ. ಆ ಕುಲದಲ್ಲಿ ಜಗತ್ತಿಗೆಲ್ಲ ಇರುವುದು ಎರಡೇ ಪ್ರಭೇದ, ಒಂದೊಂದು ದೇಶಕ್ಕೆ ಒಂದೊಂದು; ಕೋಷ್ಟಕದಲ್ಲಿ ಎರಡೂ ಸಮಾನ. 1967ರಲ್ಲಿ ಅಪಾಯದಂಚಿನ ಪಟ್ಟಿಗೆ ಸೇರಿದ್ದ ಅಮೆರಿಕದ ಅಲಿಗೇಟರು ಎರಡೇ ದಶಕಗಳಲ್ಲಿ ಚೇತರಿಸಿಕೊಂಡು ಇಂದು ಫ್ಲಾರಿಡಾ ರಾಜ್ಯವೊಂದರಲ್ಲಿಯೇ ಹದಿಮೂರು ಲಕ್ಷದಷ್ಟಿದೆ. ಯಾಂಗ್ಸಿ ನದಿಯ ಕೆಳಪಾತ್ರದ ಜೌಗುಗಳೆಲ್ಲ ಭತ್ತದ ಗದ್ದೆಗಳಾದ ಮೇಲೆ ಚೀನದ ಅಲಿಗೇಟರು ಈ ಶತಮಾನದ ಆರಂಭದಲ್ಲಿ ಕಾಡಿನಲ್ಲಿ ನೂರೈವತ್ತಕ್ಕಿಂತ ಕಡಿಮೆಯಾಗಿತ್ತು. ಅನ್‌ಹುಯಿ ಪ್ರಾಂತದ ಸಾಕಣೆ ಕೇಂದ್ರದಲ್ಲಿ ಬೆಳೆದವನ್ನು ಈಗ ಸ್ವಲ್ಪಸ್ವಲ್ಪವಾಗಿ ಹೊರಗೆ ಬಿಡುತ್ತಿದ್ದಾರೆ. ಇದಕ್ಕಿಂತ ವಿಚಿತ್ರವಾದದ್ದು ಸಯಾಮಿನ ಮೊಸಳೆಯ ಸ್ಥಿತಿ. ಥಾಯ್ಲೆಂಡಿನ ಸಾಕಣೆ ಕೇಂದ್ರಗಳಲ್ಲಿ ಹತ್ತು ಲಕ್ಷಕ್ಕೂ ಮಿಕ್ಕಿ ಮೊಸಳೆಗಳಿವೆ. ಜಗತ್ತಿನ ಕಾಡುಗಳಲ್ಲೆಲ್ಲ ಸೇರಿ ಉಳಿದಿರುವ ಸಯಾಮ್ ಮೊಸಳೆಗಳು ಸಾವಿರಕ್ಕಿಂತ ಕಡಿಮೆ. ಸಾಕಿದವುಗಳಲ್ಲಿ ಎಷ್ಟೋ ಬೇರೆ ಪ್ರಭೇದಗಳೊಡನೆ ಬೆರೆತ ಮಿಶ್ರತಳಿಗಳಾದ್ದರಿಂದ ಅವನ್ನು ನೇರವಾಗಿ ನದಿಗೆ ಬಿಡುವಂತೆಯೂ ಇಲ್ಲ. 2024ರಲ್ಲಿ ಕಾಂಬೋಡಿಯದ ಕಾರ್ಡಮಮ್ ಬೆಟ್ಟಗಳಲ್ಲಿ ಅರುವತ್ತು ಮರಿಗಳು ಸಹಜವಾಗಿ ಮೊಟ್ಟೆಯೊಡೆದು ಬಂದದ್ದು ಈ ಶತಮಾನದ ದೊಡ್ಡ ಸುದ್ದಿಯೆನಿಸಿದ್ದು ಇದೇ ಕಾರಣಕ್ಕೆ.

ಕೆಲವು ದೇಶಗಳ ಪಟ್ಟಿಯಲ್ಲಿ ಇರಬಾರದ ಹೆಸರುಗಳೂ ಸೇರಿಕೊಂಡಿರುತ್ತವೆ. ಮ್ಯಾನ್ಮಾರ್, ಥಾಯ್ಲೆಂಡ್, ವಿಯೆಟ್ನಾಂಗಳ ಬರ್ಮಾ ಹೆಬ್ಬಾವು ಚರ್ಮದ ವ್ಯಾಪಾರದಿಂದಲೂ ಕಾಡಿನ ನಾಶದಿಂದಲೂ ತವರಿನಲ್ಲಿ ಕುಗ್ಗುತ್ತಿರುವ ಪ್ರಾಣಿ. ಸಾಕುಪ್ರಾಣಿಯಾಗಿ ಅಮೆರಿಕಕ್ಕೆ ಹೋದ ಅದೇ ಹಾವು ಫ್ಲಾರಿಡಾದ ಎವರ್‌ಗ್ಲೇಡ್ಸ್ ಜೌಗಿನಲ್ಲಿ ನೆಲೆಯೂರಿ, ಅಲ್ಲಿನ ರಕೂನುಗಳೆಂಬ ಸಣ್ಣ ಸಸ್ತನಿಗಳನ್ನು ಕೆಲವೆಡೆ ಶೇ. 99ರಷ್ಟು ಇಲ್ಲವಾಗಿಸಿದೆಯೆಂದು 2012ರ ಅಧ್ಯಯನ ಹೇಳಿತು. ಎರಡನೆಯ ಮಹಾಯುದ್ಧದ ನಂತರ ಸರಕುಗಳೊಂದಿಗೆ ಗುವಾಮ್ ದ್ವೀಪಕ್ಕೆ ಬಂದಿಳಿದ ಕಂದು ಮರಹಾವು ಅಲ್ಲಿನ ಹನ್ನೆರಡು ಬಗೆಯ ಕಾಡುಹಕ್ಕಿಗಳಲ್ಲಿ ಹತ್ತು ಬಗೆಯವನ್ನು ದ್ವೀಪದಿಂದ ಅಳಿಸಿಹಾಕಿತು. ಆಸ್ಟ್ರೇಲಿಯದ ಕ್ರಿಸ್ಮಸ್ ದ್ವೀಪದಲ್ಲಿ ಒಂದು ಕಾಲಕ್ಕೆ ಹೆಜ್ಜೆಹೆಜ್ಜೆಗೂ ಕಾಣುತ್ತಿದ್ದ ಕಾಡು ಹಾವುರಾಣಿಯ ಕೊನೆಯ ಜೀವಿ 2014ರಲ್ಲಿ ಸಾಕಣೆಯಲ್ಲಿದ್ದಾಗ ಸತ್ತಿತು. ಅದೇ ವೇಳೆಗೆ ಹೊರಗಿನಿಂದ ಬಂದ ತೋಳಹಾವು ಅಲ್ಲಿ ಬಲವಾಗಿ ಬೇರುಬಿಟ್ಟಿತ್ತು. ಒಂದು ಹೋಗಿ ಒಂದು ಬಂದರೆ ಸಂಖ್ಯೆ ಸರಿಹೋಗುತ್ತದೆ, ಮತ್ತೇನೂ ಸರಿಹೋಗುವುದಿಲ್ಲ.

ಆಮೆಗಳ ಸ್ಥಿತಿ ಇನ್ನೂ ಕಠಿಣ. 2022ರಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಸರೀಸೃಪ ಪ್ರಭೇದಗಳನ್ನು ಪರಿಶೀಲಿಸಿ ಪ್ರಕಟಿಸಿದ ಜಾಗತಿಕ ಮೌಲ್ಯಮಾಪನವು ಒಟ್ಟಾರೆ ಐದರಲ್ಲೊಂದಕ್ಕೂ ಹೆಚ್ಚು, ಅಂದರೆ ಶೇ. 21ರಷ್ಟು, ಅಳಿವಿನ ಅಪಾಯದಲ್ಲಿವೆ ಎಂದಿತು. ಆಮೆಗಳಲ್ಲಿ ಆ ಪ್ರಮಾಣ ಅರ್ಧಕ್ಕಿಂತ ಹೆಚ್ಚು. ಸರೀಸೃಪವೆಂದರೆ ಮರುಭೂಮಿಯೆಂಬ ರೂಢಿಯ ಕಲ್ಪನೆಗೆ ವಿರುದ್ಧವಾಗಿ, ಕಾಡಿನಲ್ಲಿ ವಾಸಿಸುವವುಗಳಿಗೇ ಒಣನೆಲದವುಗಳಿಗಿಂತ ಎರಡು ಪಟ್ಟು ಅಪಾಯವಿರುವುದೂ ಅದರಿಂದ ತಿಳಿಯಿತು. ಯಾಂಗ್ಸಿಯ ದೈತ್ಯ ಮೃದುಚಿಪ್ಪಿನ ಆಮೆಯು ಚೀನ ಮತ್ತು ವಿಯೆಟ್ನಾಂ ಎರಡೂ ದೇಶಗಳ ಪಟ್ಟಿಯಲ್ಲಿದೆ. ಚೀನದ ಸೂಝೌ ಮೃಗಾಲಯದಲ್ಲಿದ್ದ ಹೆಣ್ಣು 2019ರಲ್ಲಿ ಸತ್ತಿತು, ಗಂಡು ಒಂಟಿಯಾಯಿತು. ಹನೋಯಿ ಸಮೀಪದ ಡೋಂಗ್ ಮೋ ಸರೋವರದಲ್ಲಿ ಪತ್ತೆಯಾಗಿ ಆಸೆ ಹುಟ್ಟಿಸಿದ್ದ ಇನ್ನೊಂದು ಹೆಣ್ಣು 2023ರಲ್ಲಿ ಸತ್ತಿತು. ಎರಡು ದೇಶಗಳ ಪಟ್ಟಿಯಲ್ಲಿ ಹೆಸರಿದ್ದೂ ಸಂತತಿಯೆಂಬುದು ಇಲ್ಲದಿರುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಕಿಲ್ಲ. ಆದರೂ ಎಣಿಸಿದವರು ಸಕಾಲದಲ್ಲಿ ಎಚ್ಚೆತ್ತರೆ ಏನಾಗಬಹುದೆಂಬುದನ್ನು ಈಕ್ವೆಡಾರಿನ ಗಲಾಪಗೋಸ್ ತೋರಿಸಿದೆ. ಅಲ್ಲಿನ ಎಸ್ಪಾನ್ಯೋಲಾ ದ್ವೀಪದಲ್ಲಿ 1960 ಮತ್ತು 70ರ ದಶಕಗಳಲ್ಲಿ ಹುಡುಕಿದಾಗ ಸಿಕ್ಕ ದೈತ್ಯ ಆಮೆಗಳು ಹದಿನಾಲ್ಕು, ಹನ್ನೆರಡು ಹೆಣ್ಣು ಮತ್ತು ಎರಡು ಗಂಡು. ಅಮೆರಿಕದ ಸ್ಯಾನ್ ಡಿಯಾಗೋ ಮೃಗಾಲಯದಲ್ಲಿದ್ದ ಇನ್ನೊಂದು ಗಂಡನ್ನೂ ತಂದು ಸಾಕಣೆ ಕೇಂದ್ರದಲ್ಲಿ ಅವುಗಳೊಡನೆ ಸೇರಿಸಿ, ದ್ವೀಪವನ್ನು ಹಾಳುಮಾಡಿದ್ದ ಮೇಕೆಗಳನ್ನು ತೆಗೆದು, ಸುಮಾರು ಎರಡು ಸಾವಿರ ಮರಿಗಳನ್ನು ಮರಳಿ ಬಿಟ್ಟ ಮೇಲೆ, 2020ರಲ್ಲಿ ಆ ಹದಿನೈದು ಹಿರಿಯ ಆಮೆಗಳನ್ನೂ ತವರಿಗೆ ಕಳುಹಿಸಿಕೊಟ್ಟರು. ಅದೇ ದ್ವೀಪಸಮೂಹದ ಪಿಂಟಾ ದ್ವೀಪದ ಆಮೆಗೆ ಆ ಭಾಗ್ಯವಿರಲಿಲ್ಲ. ಅದರ ಕೊನೆಯ ಗಂಡು 2012ರ ಜೂನಿನಲ್ಲಿ ಸತ್ತಿತು.

ಕಡಲಾಮೆಗಳ ಲೆಕ್ಕವನ್ನು ಓದುವಾಗ ಇನ್ನೂ ಒಂದು ಎಚ್ಚರ ಬೇಕು. ಒಡಿಶಾದ ಗಹಿರಮಾಥಾ, ಋಷಿಕುಲ್ಯಾ ತೀರಗಳಿಗೆ ಕೆಲವು ವರ್ಷ ಲಕ್ಷಗಟ್ಟಲೆ ಆಲಿವ್ ರಿಡ್ಲಿ ಆಮೆಗಳು ಬರುತ್ತವೆ, ಕೆಲವು ವರ್ಷ ಸಾಮೂಹಿಕವಾಗಿ ಬರುವುದೇ ಇಲ್ಲ. ಎಣಿಸುವುದು ಮೊಟ್ಟೆಯಿಡಲು ದಡ ಹತ್ತಿದ ಹೆಣ್ಣುಗಳನ್ನು ಮಾತ್ರ. ಗಂಡುಗಳು ಮರಿಯಾಗಿ ಕಡಲಿಗಿಳಿದ ಮೇಲೆ ಸಾಮಾನ್ಯವಾಗಿ ಮತ್ತೆ ನೆಲ ಮುಟ್ಟುವುದಿಲ್ಲ. ಒಂದು ವರ್ಷದ ದಾಖಲೆ ಸಂಖ್ಯೆಯನ್ನು ಹಿಡಿದು ಸಂಭ್ರಮಿಸುವುದೂ ಮರುವರ್ಷದ ಶೂನ್ಯವನ್ನು ಕಂಡು ಗಾಬರಿಯಾಗುವುದೂ ಎರಡೂ ಆತುರದ ಕೆಲಸಗಳೇ. ಉತ್ತರ ಕನ್ನಡದ ಹೊನ್ನಾವರ, ಕಾರವಾರದ ಕಡೆಯ ತೀರಗಳಲ್ಲಿ ಇದೇ ಆಮೆ ಅಲ್ಲೊಂದು ಇಲ್ಲೊಂದರಂತೆ ಬಂದು ಮೊಟ್ಟೆಯಿಡುತ್ತದೆ. ದೇಶದ ಮೊತ್ತದಲ್ಲಿ ಅದು ಲೆಕ್ಕಕ್ಕೇ ಸಿಗದಷ್ಟು ಸಣ್ಣದು. ನಮ್ಮ ಕರಾವಳಿಗೆ ಮಾತ್ರ ಇರುವುದು ಅಷ್ಟೇ.

ಹಾವುಗಳ ಸಂತತಿಯನ್ನು ಎಣಿಸುವುದು ಎಲ್ಲಕ್ಕಿಂತ ಕಷ್ಟ. ವರ್ಷದ ಬಹುಕಾಲ ಬಿಲದಲ್ಲಿಯೋ ಪೊದೆಯಲ್ಲಿಯೋ ಅಡಗಿರುವ ಪ್ರಾಣಿಯನ್ನು ಒಂದು ದೇಶದ ಮಟ್ಟದಲ್ಲಿ ಎಣಿಸಿದ್ದೇವೆ ಎಂದು ಯಾರಾದರೂ ಹೇಳಿದರೆ ನಂಬಬಾರದು. ಸಾಧ್ಯವಿರುವುದು ಒಂದೇ ಜಾಗವನ್ನು ಒಂದೇ ವಿಧಾನದಿಂದ ಹಲವು ವರ್ಷ ನೋಡುತ್ತಿರುವುದು. ಬ್ರಿಟನ್, ಫ್ರಾನ್ಸ್, ಇಟಲಿ, ನೈಜೀರಿಯ, ಆಸ್ಟ್ರೇಲಿಯಗಳಲ್ಲಿ ಹೀಗೆ ಗಮನಿಸಿದ ಹದಿನೇಳು ಹಾವು ಸಂತತಿಗಳಲ್ಲಿ ಹನ್ನೊಂದು ತೀವ್ರವಾಗಿ ಕುಸಿದಿವೆಯೆಂದು 2010ರಲ್ಲಿ ಒಂದು ಅಧ್ಯಯನ ತಿಳಿಸಿತು. ಆಗುಂಬೆಯಲ್ಲಿ ಕಾಳಿಂಗ ಸರ್ಪಗಳಿಗೆ ರೇಡಿಯೊ ಅಳವಡಿಸಿ ಅವುಗಳ ಓಡಾಟವನ್ನು ಹಿಂಬಾಲಿಸಿದ ಕೆಲಸ ನಮ್ಮ ರಾಜ್ಯದ ಕೊಡುಗೆ; ಆದರೆ ಅದೇ ಮಲೆನಾಡಿನ ಕೊಳಕುಮಂಡಲ, ಬಯಲುಸೀಮೆಯ ಕಟ್ಟುಹಾವು, ಗದ್ದೆಯ ಕೇರೆಹಾವುಗಳ ಸ್ಥಿತಿ ಹೇಗಿದೆಯೆಂದು ಕೇಳಿದರೆ ಹಾವು ಹಿಡಿಯುವವರ ಅನುಭವದ ಮಾತನ್ನೇ ನೆಚ್ಚಿಕೊಳ್ಳಬೇಕು. ಹಾವು ಕಡಿತವನ್ನು ಕರ್ನಾಟಕ ಸರ್ಕಾರ 2024ರಲ್ಲಿ ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿದ್ದು ಮುಖ್ಯವಾಗಿ ಮನುಷ್ಯರ ಜೀವ ಉಳಿಸಲು, ಅದು ಸರಿಯಾದದ್ದೇ. ಆ ದಾಖಲೆಗಳಲ್ಲಿ ಕಚ್ಚಿದ ಹಾವು ಯಾವುದೆಂಬುದನ್ನೂ ಎಚ್ಚರಿಕೆಯಿಂದ ಬರೆದಿಟ್ಟರೆ ಮುಂದೊಂದು ದಿನ ಹಾವುಗಳ ಹರವನ್ನು ತಿಳಿಯಲೂ ಉಪಯೋಗಕ್ಕೆ ಬಂದೀತು.

ಇನ್ನು ನಮ್ಮ ನದಿಯಾದ ತುಂಗಭದ್ರೆಯ ವಿಷಯ. ಸಿಹಿನೀರಿನ ನಮ್ಮ ಸಾಮಾನ್ಯ ಮೊಸಳೆ ಇರಾನಿನ ಬಲೂಚಿಸ್ತಾನದಿಂದ ಪಾಕಿಸ್ತಾನ, ಭಾರತ, ನೇಪಾಳ, ಶ್ರೀಲಂಕಾಗಳವರೆಗೆ ಇದೆ. ಇರಾನಿನಲ್ಲಿ ‘ಗಾಂಡೊ’ ಎಂದು ಕರೆಸಿಕೊಳ್ಳುವ ಅದರ ಕೆಲವೇ ನೂರು ಜೀವಿಗಳು ಬರಗಾಲಕ್ಕೆ ಬತ್ತುವ ಹಳ್ಳಕೊಳ್ಳಗಳಲ್ಲಿ ಬದುಕಿವೆ; ಬಾಂಗ್ಲಾದೇಶದ ನದಿಗಳಿಂದ ಮಾಯವಾಗಿದೆ; ಶ್ರೀಲಂಕಾದ ಯಾಲ, ವಿಲ್ಪತ್ತುಗಳಲ್ಲಿ ಸಾಕಷ್ಟಿದೆ. ಎಲ್ಲ ದೇಶಗಳೂ ಸೇರಿ ಪ್ರೌಢ ಮೊಸಳೆಗಳ ಸಂಖ್ಯೆ 5,700ರಿಂದ 8,700ರೊಳಗೆ ಇರಬಹುದೆಂಬ ಅಂದಾಜನ್ನು ನೋಡಿದರೆ, ರಂಗನತಿಟ್ಟು, ದಾಂಡೇಲಿಯ ಕಾಳಿ ನದಿ, ತುಂಗಭದ್ರೆಗಳಲ್ಲಿ ದಿನವೂ ಕಣ್ಣಿಗೆ ಬೀಳುವ ಈ ಪ್ರಾಣಿ ಜಗತ್ತಿನ ಮಟ್ಟದಲ್ಲಿ ಎಷ್ಟು ವಿರಳವೆಂದು ತಿಳಿಯುತ್ತದೆ. ತುಂಗಭದ್ರೆಯಲ್ಲಿ ಜಲಾಶಯದಿಂದ ಕಂಪ್ಲಿ ಸೇತುವೆಯವರೆಗಿನ 34 ಕಿಲೋಮೀಟರನ್ನು 2015ರಲ್ಲಿ ನೀರುನಾಯಿಗಳ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಲಾಗಿದೆ. ನೀರುನಾಯಿಯ ಹೆಸರಿನಲ್ಲಿ ಅಲ್ಲಿ ಮೊಸಳೆಗೂ, ಪರ್ಯಾಯ ದ್ವೀಪ ಭಾರತದ ಹೊರಗೆ ಜಗತ್ತಿನಲ್ಲೆಲ್ಲಿಯೂ ಇಲ್ಲದ ಲೀತ್‌ನ ಮೃದುಚಿಪ್ಪಿನ ಆಮೆಗೂ ರಕ್ಷಣೆ ದೊರೆತಿದೆ. ಈ ಆಮೆ ತೀವ್ರ ಅಪಾಯದಲ್ಲಿರುವ ಪ್ರಭೇದವೆಂದು ಒಪ್ಪಿ, 2022ರಲ್ಲಿ ಪನಾಮಾದಲ್ಲಿ ಸೇರಿದ ವನ್ಯಜೀವಿ ವ್ಯಾಪಾರ ಒಪ್ಪಂದದ ಸಮ್ಮೇಳನವು ಅದರ ಅಂತರರಾಷ್ಟ್ರೀಯ ಮಾರಾಟವನ್ನು ಪೂರ್ತಿ ತಡೆಯುವ ಪಟ್ಟಿಗೆ ಸೇರಿಸಿತು. ಪನಾಮಾದಲ್ಲಿ ಚರ್ಚೆಯಾದ ಆಮೆ ಹಂಪಿಯ ಬದಿಯ ನದಿಯಲ್ಲಿದೆ ಎಂಬುದು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ಅಲ್ಲಿ ತೆಪ್ಪದಲ್ಲಿ ಹೋಗಿ ಬಲೆ ಬೀಸುವ ಮೀನುಗಾರರಿಗೆ ಗೊತ್ತು, ಅವರನ್ನು ಕೇಳುವವರಿಲ್ಲ.

ರಾಜ್ಯದಲ್ಲಿ 563 ಹುಲಿಗಳಿವೆ, 6,395 ಆನೆಗಳಿವೆ ಎಂದು ಗಣತಿಯ ಫಲಿತಾಂಶ ಬಂದ ದಿನ ನಿಮ್ಮ ಪತ್ರಿಕೆಯೂ ಸೇರಿ ಎಲ್ಲರೂ ಮುಖಪುಟದಲ್ಲಿ ಬರೆದರು. ಮೊಸಳೆ, ಆಮೆಗಳ ಬಗ್ಗೆ ಅಷ್ಟು ನಿಯತವಾದ ಲೆಕ್ಕ ಓದುಗರ ಮುಂದೆ ಬರುವುದಿಲ್ಲ. ಆದ್ದರಿಂದ ಎರಡು ಸಲಹೆಗಳನ್ನು ಮುಂದಿಡುತ್ತೇನೆ. ಮುಂದಿನ ಬಾರಿ ಇಂಥ ದೇಶವಾರು ಕೋಷ್ಟಕವನ್ನು ಪ್ರಕಟಿಸುವಾಗ ಪ್ರಭೇದಗಳ ಸಂಖ್ಯೆಯ ಪಕ್ಕದಲ್ಲಿ, ಆ ದೇಶದ ಒಂದೆರಡು ಮುಖ್ಯ ಪ್ರಭೇದಗಳ ಸಂತತಿ ಎಷ್ಟು, ಯಾವ ವರ್ಷ ಎಣಿಸಿದ್ದು, ಎಣಿಸಿದ್ದು ಮರಿಗಳನ್ನೋ ಪ್ರೌಢ ಪ್ರಾಣಿಗಳನ್ನೋ, ಹತ್ತು ವರ್ಷದ ಹಿಂದೆ ಎಷ್ಟಿತ್ತು ಎಂಬುದನ್ನೂ ಕೊಡಬೇಕು. ಎರಡನೆಯದು ಅರಣ್ಯ ಇಲಾಖೆಗೆ ನಿಮ್ಮ ಮೂಲಕ ಮಾಡುವ ವಿನಂತಿ: ಪ್ರತಿ ವರ್ಷ ಬೇಸಿಗೆಯಲ್ಲಿ ನದಿ ತಗ್ಗಿದಾಗ ತುಂಗಭದ್ರೆಯ ಮೀಸಲು ಪ್ರದೇಶದಲ್ಲಿ ಅದೇ ತಿಂಗಳಲ್ಲಿ, ಅದೇ ವಿಧಾನದಿಂದ ಮೊಸಳೆಗಳ ರಾತ್ರಿ ಎಣಿಕೆಯನ್ನೂ ಆಮೆಗಳ ಸಮೀಕ್ಷೆಯನ್ನೂ ನಡೆಸಿ, ಫಲಿತಾಂಶವನ್ನು ಕನ್ನಡದಲ್ಲಿ ಪ್ರಕಟಿಸಬೇಕು, ಆ ಕೆಲಸಕ್ಕೆ ಆನೆಗೊಂದಿ, ಕಂಪ್ಲಿಗಳ ಮೀನುಗಾರರನ್ನು ಸಂಬಳ ಕೊಟ್ಟು ಸೇರಿಸಿಕೊಳ್ಳಬೇಕು. ಮರಳು ತೆಗೆಯುವವರ ಲಾರಿಗಳು ಯಾವ ದಂಡೆಗೆ ಇಳಿಯುತ್ತವೆ, ಆ ದಂಡೆಯಲ್ಲಿ ಹಿಂದಿನ ವರ್ಷ ಎಷ್ಟು ಗೂಡುಗಳಿದ್ದವು ಎಂಬ ಎರಡು ಮಾಹಿತಿಗಳನ್ನು ಒಂದೇ ನಕ್ಷೆಯಲ್ಲಿ ಹಾಕಿದರೆ ಅನುಮತಿ ಕೊಡುವ ಅಧಿಕಾರಿಗಳಿಗೂ ತೀರ್ಮಾನ ಸುಲಭವಾಗುತ್ತದೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಪ್ರಾಣಿಶಾಸ್ತ್ರ ಉಪನ್ಯಾಸಕ,
ಹೊಸಪೇಟೆ